ದೇವರ ಗೂಡಿನ ರೌಟರ್

"ಅವನಿಗೆ ಯಾರು ಹೇಳ್ತಾವ್ರೆ?"

ಲಕ್ಷ್ಮೀದೇವಮ್ಮ ಕೇಳಿದ್ದು ನನ್ನನ್ನಲ್ಲ. ಮಗಳು ಸಿಂಧುವನ್ನೂ ಅಲ್ಲ. ಯಾರನ್ನೂ ಅಲ್ಲ...

ಕಿಟಕಿ ಗಾಜು ಒಡೆದು ಕಲ್ಲು ಒಳಗೆ ಬಿತ್ತು!

"ಸಿಂಧೂ! ಕೋರ್ಟಿಗೆ ಕೆರೆ ಏರಿ ಮೇಲೆ ಹೋಗ್ತೀಯಂತೆ? ಬಾರೇ, ನಾನೇ ಡ್ರಾಪ್ ಕೊಡ್ತೀನಿ!"

ಗೇಟಿನಾಚೆ ಬಿಳಿ ಕಾರು. ಅದಕ್ಕೆ ಒರಗಿ ನಿಂತವನು ನಂದೀಶ. ಸಿಂಧುವಿನ ಗಂಡ. ಅವಳ ಎಡಗೈಯ ಪ್ಲಾಸ್ಟರ್ ಅವನದೇ ಕೆಲಸ.

ನಾನು ವಸಂತ್. ದೊಡ್ಡಬಳ್ಳಾಪುರದಲ್ಲಿ ಡಿಟೆಕ್ಟಿವ್ ಅಂತ ಬೋರ್ಡು ಹಾಕಿದ್ದೀನಿ ಸ್ವಾಮಿ. ಅವತ್ತಿನ ಕೆಲಸ ಒಂದೇ. ತೂಬಗೆರೆಯ ಆ ತವರುಮನೆಯಿಂದ ಸಿಂಧುವನ್ನ ಕೋರ್ಟಿಗೆ ತಲುಪಿಸೋದು. ಮಧ್ಯಾಹ್ನ ಜಡ್ಜ್ ಮುಂದೆ ಅವಳ ಹೇಳಿಕೆ. ಹಿಂದೆ ಹೊರಟಾಗೆಲ್ಲ ನಂದೀಶ ದಾರಿಯಲ್ಲೇ ಕಾದಿದ್ದ. ಕೈ ಮುರಿದದ್ದೂ ಹಾಗೇ.

ಕೆರೆ ಏರಿಯ ಮಾತು ನಾವು ಆಡಿದ್ದು ಆಗಷ್ಟೇ. ಅದೇ ಹಾಲ್‌ನಲ್ಲಿ. ಫೋನ್ ಯಾರೂ ಮುಟ್ಟಿರಲಿಲ್ಲ!

ಗೇಟಿಗೆ ಹೋದೆ.

"ಯಾರ್ಲಾ ನೀನು?"

"ಗಾಜು ಗುಡ್ಸೋಕೆ ಬಂದೋನು. ನಿನ್ನನ್ನೂ ಸೇರಿಸಿ ಗುಡಿಸ್ಲಾ?"

ನಕ್ಕ. "ಯಾವ ದಾರಿ ಹಿಡಿದ್ರೂ ನಂಗೆ ಮೊದಲೇ ಗೊತ್ತಾಗುತ್ತೆ ಗುರು. ಈ ಸಲ ಇನ್ನೊಂದು ಕೈ."

ಕಾರು ಬೀದಿ ಕೊನೆಗೆ ಹೋಗಿ ನಿಂತಿತು.

ಒಳಗೆ ಬಂದೆ. ಹಾಲ್ ಮೂಲೆಯಲ್ಲಿ ಒಂದು ಪುಟ್ಟ ಕ್ಯಾಮೆರಾ... ಮೈಕ್ ಇರುವಂಥದ್ದು. ತುಟಿ ಮೇಲೆ ಬೆರಳಿಟ್ಟು ಇಬ್ಬರನ್ನೂ ಅಡುಗೆಮನೆಗೆ ಕರೆದೆ.

"ಅದನ್ನ ಯಾರಮ್ಮ ಹಾಕಿದ್ದು?"

"ನನ್ ತಮ್ಮ ಕಾಂತರಾಜು ಕಣಪ್ಪ. ಹೆಂಗಸ್ರೇ ಇರೋ ಮನೆ, ಸೇಫ್ಟಿ ಅಂತ."

"ರೌಟರ್ ಎಲ್ಲೈತೆ?"

"ಇಲ್ಲೇ. ದೇವರ ಗೂಡಲ್ಲಿ."

ಕೈ ತೊಳೆದು, ಮುಗಿದು, ಇಳಿಸಿದೆ. ಆಯುಧಪೂಜೆಯ ದಿನ ಅದಕ್ಕೂ ಪೂಜೆ ಆಗಿತ್ತು. ಮೇಲೆಲ್ಲ ತೂತು. ಹಾಗಾಗಿ ತಳಕ್ಕೇ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಮುಂದಿನ ಪೂಜೆವರೆಗೆ ಆ ಮನೆಯಲ್ಲಿ ಅದನ್ನ ಯಾರೂ ಒರೆಸುವಂತಿಲ್ಲ.

ಆದರೆ ಒಂದು ಕಡೆ... ಹೆಬ್ಬೆರಳಗಲ ಒರೆಸಿತ್ತು!

ಅಲ್ಲೇ ಸ್ಟಿಕರ್. ಸ್ಟಿಕರ್ ಮೇಲೆ ಅಡ್ಮಿನ್ ಪಾಸ್‌ವರ್ಡ್.

"ಅಯ್ಯಯ್ಯೋ! ಯಾವ ಪಾಪಿ ಒರ್ಸಿದ್ದು?"

"ಇದನ್ನ ಕೆಳಗಿಳಿಸಿದ್ದು ಯಾರು?"

ಲಕ್ಷ್ಮೀದೇವಮ್ಮನ ಮುಖ ಬಿಳಿಚಿತು. "ಕಾಂತರಾಜು ಒಬ್ನೇ... ಕ್ಯಾಮೆರಾಗೆ ಕನೆಕ್ಷನ್ ಕೊಡ್ಬೇಕು ಅಂತ."

ಲ್ಯಾಪ್‌ಟಾಪ್ ತೆಗೆದೆ. ಆ ಪಾಸ್‌ವರ್ಡ್ ಹೊಡೆದು ಸೆಟ್ಟಿಂಗ್ಸ್ ಒಳಗೆ ಹೋದೆ.

ರಿಮೋಟ್ ಮ್ಯಾನೇಜ್‌ಮೆಂಟ್... ಆನ್!

ಪೋರ್ಟ್ ಫಾರ್ವರ್ಡಿಂಗ್... ನೇರ ಕ್ಯಾಮೆರಾಗೆ!

ಅಂದರೆ ಹೊರಗೆ ಎಲ್ಲೋ ಕೂತವನಿಗೆ ಹಾಲ್‌ನ ಬಾಗಿಲು ತೆರೆದಿಟ್ಟ ಹಾಗೆ. ನೋಡಬಹುದು. ಕೇಳಬಹುದು.

"ಅಣ್ಣಾ..." ಸಿಂಧು ಹಾಲ್ ಕಡೆ ತಿರುಗಿದಳು. "ನಾನು ಮಲಗೋದು ಆ ಹಾಲ್‌ನಲ್ಲೇ. ಬಟ್ಟೆ ಬದಲಾಯ್ಸೋದೂ ಅಲ್ಲೇ."

ಬಚ್ಚಲಿಗೆ ಓಡಿದಳು. ವಾಂತಿಯ ಸದ್ದು.

ನಂದೀಶನದು ಬಿಡಿ, ಕಚ್ಚೋ ಜಾತಿ. ಇವನು ಸೋದರಮಾವ! ತೊಡೆ ಮೇಲೆ ಕೂರಿಸಿ ಕಿವಿ ಚುಚ್ಚಿಸಿದವನು! ದಾಬಸ್‌ಪೇಟೆ ಗೋಡೌನ್‌ನಲ್ಲಿ ನಂದೀಶ ಕೊಡಿಸಿದ ಸೂಪರ್‌ವೈಸರ್ ಕೆಲಸದ ಋಣ ಅಂತ ಲಕ್ಷ್ಮೀದೇವಮ್ಮ ಅಂದರು... ಥೂ!

ನಮ್ಮಪ್ಪ ದೇವಸ್ಥಾನದಲ್ಲಿ ಪದ್ಯ ವಾಚಿಸ್ತಿದ್ದರು. ತುಂಬಿದ ಸಭೆಯಲ್ಲಿ ಹೆಣ್ಣಿನ ಮಾನ ಕಳೆಯೋ ಭಾಗ ಬಂದರೆ, ಸೀರೆಗೆ ಕೈ ಹಾಕಿದವನ ಪದ್ಯ ಸಲೀಸಾಗಿ ಓದೋರು. ಸುಮ್ಮನೆ ಕೂತ ಹಿರಿಯರ ಪದ್ಯಕ್ಕೆ ಬಂದಾಗ ಗಂಟಲು ಕಟ್ಟೋದು. ಯಾಕೆ ಅಂತ ಅವತ್ತು ತಿಳೀತು.

ಸ್ಕ್ರೀನಿನ ಫೋಟೋ ಹಿಡಿದೆ. ಡಿಲೀಟ್ ಮೇಲೆ ಬೆರಳಿಟ್ಟೆ...

ತೆಗೆದೆ. ಅವನ ದಾರಿ ಸ್ವಲ್ಪ ಹೊತ್ತು ತೆರೆದೇ ಇರಲಿ!

ಇಬ್ಬರಿಗೂ ಕಿವಿಯಲ್ಲಿ ಹೇಳಿಕೊಟ್ಟು ಹಾಲ್‌ಗೆ ಬಂದೆ.

"ಕೋರ್ಟು ಗೀರ್ಟು ಬ್ಯಾಡ ಕಣೇ!" ಲಕ್ಷ್ಮೀದೇವಮ್ಮ ಕೂಗಿದರು. ಎಂಥ ನಟನೆ! "ದೇವನಹಳ್ಳಿ ದೊಡ್ಡಮ್ಮನ ಮನೆಗೆ ಹೋಗ್ಬಿಡು!"

"ಸರಿ. ಹಿತ್ತಲಿಂದ ದೇವನಹಳ್ಳಿ ರೋಡಿಗೆ ಬಿಡ್ತೀನಿ," ಅಂದೆ.

ಬೀದಿ ಕೊನೆಯಲ್ಲಿ ಇಂಜಿನ್ ಗುರುಗುಟ್ಟಿತು. ಬಿಳಿ ಕಾರು ದೇವನಹಳ್ಳಿ ದಿಕ್ಕಿಗೆ ಹಾರಿತು!

ಈಗ ರಿಮೋಟ್ ಆಫ್. ಫಾರ್ವರ್ಡಿಂಗ್ ಡಿಲೀಟ್. ಹೊಸ ಪಾಸ್‌ವರ್ಡನ್ನ ಲಕ್ಷ್ಮೀದೇವಮ್ಮನ ಕೈಯಲ್ಲೇ ಟೈಪ್ ಮಾಡಿಸಿದೆ. ನಾನು ಆ ಕಡೆ ತಿರುಗಿ ನಿಂತಿದ್ದೆ.

ಸಿಂಧುವನ್ನ ಬೈಕಿಗೆ ಹತ್ತಿಸಿಕೊಂಡೆ. ಸರ್ಕಲ್ ದಾಟಬೇಕು... ಸ್ಕೂಟರ್ ಅಡ್ಡ ಬಂತು. "ಮಾವ!" ಅಂದಳು ಸಿಂಧು. ಕಾಂತರಾಜು!

"ಏಯ್, ನಿಲ್ಸೋ!"

ಪಕ್ಕಕ್ಕೆ ನುಗ್ಗಿಸಿದೆ. ಹಿಂದಿನಿಂದ ಅವನು ಫೋನಿಗೆ ಅರಚುತ್ತಿದ್ದ. "ನಂದೀಶಾ, ಕೋರ್ಟ್ ಕಡೆ ಕಣೋ! ವಾಪಸ್ ಬಾ!"

ದ್ರಾಕ್ಷಿ ತೋಟದ ಮಣ್ಣು ದಾರಿ. ಗುಂಡಿ... ಧೂಳು... ಸಿಂಧು ಒಳ್ಳೇ ಕೈಯಲ್ಲಿ ನನ್ನ ಶರ್ಟು ಹಿಡಿದಿದ್ದಳು. ಟಾರ್ ರೋಡಿಗೆ ಬಿದ್ದಾಗ ಕನ್ನಡಿಯಲ್ಲಿ ಬಿಳಿ ಚುಕ್ಕೆ. ದೊಡ್ಡದಾಯಿತು. ಹಾರ್ನ್!

ಬಂಪರ್ ನನ್ನ ಮಡ್‌ಗಾರ್ಡಿಗೆ ತಾಗಿತು.

ಕೋರ್ಟಿನ ಗೇಟು! ಸಿಂಧು ಹಾರಿ ಓಡಿದಳು. ನಂದೀಶ ಕಾರಿನಿಂದ ಇಳಿದು ಹಿಂದೆ ನುಗ್ಗಿದ. ಗೇಟಿನ ಕಾನ್‌ಸ್ಟೇಬಲ್ ಎದೆಗೇ ಡಿಕ್ಕಿ ಹೊಡೆದ. ಎಂಥ ಜಾಗ ಆರಿಸ್ಕೊಂಡ ನೋಡಿ!

ಜಡ್ಜ್ ಮುಂದೆ ಸಿಂಧು ಒಂದನ್ನೂ ಬಿಡದೆ ಹೇಳಿದಳು. ರೌಟರ್ ಸೆಟ್ಟಿಂಗ್ಸ್‌ನ ಫೋಟೋಗಳನ್ನ ನಾನು ಪೊಲೀಸರಿಗೆ ಕೊಟ್ಟೆ. ರೌಟರ್ ವಶಕ್ಕೆ ತಗೊಳ್ಳೋಕೆ ಬೆಳಿಗ್ಗೆ ಬರ್ತೀವಿ ಅಂದರು. ನಂದೀಶ ಸ್ಟೇಷನ್ ಬೆಂಚಿನ ಮೇಲೆ ಕೂತಿದ್ದ.

ಸಂಜೆ ಸಿಂಧು ಜೊತೆ ತೂಬಗೆರೆ ಮನೆಗೆ ಬಂದರೆ... ಹಾಲ್‌ನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕಾಂತರಾಜು!

"ಗಂಡ ಹೆಂಡ್ತಿ ಒಂದಾಗ್ಲಿ ಅಂತ ತಾನೇ ಅಕ್ಕಾ ಮಾಡಿದ್ದು?"

"ಹುಡುಗಿ ಬಟ್ಟೆ ಬದಲಾಯ್ಸೋದನ್ನ ತೋರ್ಸಿಯೇನಯ್ಯಾ ಒಂದು ಮಾಡೋದು?" ನಾನು ಕಾಲರ್ ಹಿಡಿದೆ.

"ನಾನೆಲ್ಲಿ ನೋಡ್ದೆ? ಅವನು ತಾನೇ ನೋಡಿದ್ದು!"

ಕೈ ಬಿಟ್ಟೆ. ಮುಟ್ಟೋಕೂ ಅಸಹ್ಯವಾಯಿತು. ಪ್ಯಾಂಟಿಗೆ ಒರೆಸಿಕೊಂಡೆ.

ಅವನು ಅಕ್ಕನ ಕಾಲ ಬಳಿ ಕೂತ. "ರೌಟರ್ ಒಳಗೆ ನನ್ ಫೋನ್ ಹೆಸರೈತೆ ಅಕ್ಕಾ. ಪೊಲೀಸ್ರು ಬಂದು ನೋಡಿದ್ರೆ ನನ್ ಕತೆ ಮುಗೀತು. ಒಂದೇ ಒಂದು ಸಲ ಒಳಗೋಗಿ ಅಳಿಸ್ಬಿಡ್ತೀನಿ. ಪಾಸ್‌ವರ್ಡ್ ಹೇಳು. ಒಡಹುಟ್ಟಿದೋನು ಕಣಕ್ಕಾ!"

ಲಕ್ಷ್ಮೀದೇವಮ್ಮ ಎದ್ದರು. ಸ್ಟೂಲ್ ಹತ್ತಿದರು. ಕ್ಯಾಮೆರಾನ ವೈರು ಸಮೇತ ಕಿತ್ತು ಅವನ ಮಡಿಲಿಗೆ ಎಸೆದರು.

"ತಗೊಂಡೋಗಿ ನಿನ್ ಮನೆ ಬಚ್ಚಲಲ್ಲಿ ಹಾಕ್ಕೋ. ಪಾಸ್‌ವರ್ಡ್ ಕೊಡಲ್ಲ."