ಲೂಪ್ ಲೈನಿನಲ್ಲಿ ನಿಂತ ಜನ

ಮೇಜಿನ ಮೇಲೆ ೧೯೪೨ರ ಏಪ್ರಿಲ್ ತಿಂಗಳು ನಡೆಯುತ್ತಿತ್ತು. ಎರಡು ಮಂಚಗಳಷ್ಟು ಅಗಲದ ಗಾಜಿನಡಿಯಲ್ಲಿ ಬರ್ಮಾದ ಗುಡ್ಡಗಳು, ಕಣಿವೆಗಳು, ಭಾರತದ ಕಡೆಗೆ ಹತ್ತುವ ಒಂದೇ ಒಂದು ರಸ್ತೆ. ಹಿಂದೆ ಜಪಾನಿ ಪಡೆ, ಮುಂದೆ ಮಳೆಗಾಲ. ಮಳೆ ಹಿಡಿಯುವ ಮೊದಲು ಸೋತ ಸೈನ್ಯವನ್ನು ಗಡಿ ದಾಟಿಸಬೇಕು. ಆಟದ ಗುರಿ ಇಷ್ಟೇ. ಆಡುತ್ತಿದ್ದವರು ಸಿದ್ರಾಮ ಕೊಣ್ಣೂರ. ಹುಬ್ಬಳ್ಳಿಯ ರೈಲ್ವೆ ಕಂಟ್ರೋಲ್ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಯಾವ ಗಾಡಿ ಮೊದಲು, ಯಾವುದು ಆಮೇಲೆ ಎಂದು ಹೇಳುತ್ತ ಕೂತು ನಿವೃತ್ತರಾದವರು. ಮನೆಯಲ್ಲಿ ಹೆಂಡತಿಗೂ ಹಾಗೆಯೇ ಹೇಳಲು ಹೋಗಿ ಬೈಸಿಕೊಂಡ ಮೇಲೆ ದಿನವೂ ಈ ಪ್ರಯೋಗಾಲಯಕ್ಕೆ ಬರತೊಡಗಿದ್ದರು.

‘ಮರುಸಮರ’ ಎಂಬ ಈ ಮೇಜಿನ ಯಂತ್ರವನ್ನು ಕಟ್ಟಿದವರು ಡಾ. ಪದ್ಮಲತಾ ಹಂಪಣ್ಣವರ. ಹಳೆಯ ಯುದ್ಧದಾಟಗಳಲ್ಲಿ ಸಾವಿರ ಸೈನಿಕರಿಗೆ ಒಂದು ಕಾಯಿ. ಇದರಲ್ಲಿ ಹಾಗಲ್ಲ. ಆ ಕಾಲದ ಪಡಿತರ ಪಟ್ಟಿ, ಆಸ್ಪತ್ರೆಯ ದಾಖಲೆ, ಕಾಗದಪತ್ರಗಳನ್ನೆಲ್ಲ ಓದಿಕೊಂಡ ಯಂತ್ರ ಪ್ರತಿಯೊಬ್ಬ ಮನುಷ್ಯನ ಹಸಿವು, ನೀರಡಿಕೆ, ಜ್ವರ, ಹೆದರಿಕೆಯನ್ನು ಬೇರೆ ಬೇರೆಯಾಗಿಯೇ ಲೆಕ್ಕ ಹಾಕುತ್ತಿತ್ತು. ಒಬ್ಬೊಬ್ಬರೂ ಒಂದೊಂದು ಬೆಳಕಿನ ಚುಕ್ಕೆ. ೨೦೫೮ರಲ್ಲಿ ಇಂಥ ಆಟ ಇನ್ನೊಂದಿರಲಿಲ್ಲ, ಹಲವು ದೇಶಗಳ ಸೇನೆಗಳು ಇದನ್ನೇ ತರಿಸಿಕೊಂಡಿದ್ದವು. ನಿವೃತ್ತ ಸೇನಾಧಿಕಾರಿಗಳು ಬಂದು, ಆಡಿ, ಸೋತು, ಯಂತ್ರವೇ ಸರಿಯಿಲ್ಲ ಎಂದು ಹೇಳಿ ಹೋಗಿದ್ದರು.

ಎಲ್ಲರೂ ಸೋಲುತ್ತಿದ್ದುದು ಒಂದೇ ಕಡೆ. ರಂಗೂನಿನಿಂದ ನಡೆದು ಬರುತ್ತಿದ್ದ ಭಾರತೀಯರು, ಅಂದರೆ ಕೂಲಿಗಳು, ಗುಮಾಸ್ತರು, ಕೂಸುಗಳನ್ನು ಎತ್ತಿಕೊಂಡ ಹೆಂಗಸರು, ಅದೇ ರಸ್ತೆಯಲ್ಲಿದ್ದರು. ಸೈನ್ಯದ ಲಾರಿಗಳು ಅವರ ನಡುವೆ ಸಿಕ್ಕಿಕೊಳ್ಳುತ್ತಿದ್ದವು.

“ಇದು ರಣರಂಗ ಅಲ್ಲ್ರೀ ಮೇಡಂ, ಸಿಂಗಲ್ ಲೈನ್ ಐತಿ,” ಎಂದರು ಕೊಣ್ಣೂರ. “ಒಂದು ಗಾಡಿ ಮುಂದ ಹೋಗಬೇಕಂದ್ರ ಇನ್ನೊಂದನ್ನ ಲೂಪಿಗೆ ಹಾಕಬೇಕು.”

ಲೂಪ್ ಎಂದರೆ ಸ್ಟೇಷನ್ನಿನಲ್ಲಿ ಮುಖ್ಯ ಹಳಿಯ ಪಕ್ಕಕ್ಕೆ ಕವಲೊಡೆಯುವ ಹಳಿ. ಎಕ್ಸ್‌ಪ್ರೆಸ್ ದಾಟುವ ತನಕ ಗೂಡ್ಸ್ ಗಾಡಿಯನ್ನು ಅದರಲ್ಲಿ ನಿಲ್ಲಿಸುತ್ತಾರೆ. ಕೊಣ್ಣೂರರು ಹತ್ತೊಂಬತ್ತು ಸಾವಿರ ಜನರನ್ನು ರಸ್ತೆಯಿಂದ ಕೆಳಗಿಳಿಸಿ ಪಕ್ಕದ ಬಯಲಿನಲ್ಲಿ ನಾಲ್ಕು ದಿನ ನಿಲ್ಲಿಸಿದರು. ರಸ್ತೆ ಖಾಲಿಯಾಯಿತು, ಸೈನ್ಯ ಸಲೀಸಾಗಿ ಗಡಿ ದಾಟಿತು. ಮೇಜಿನ ಅಂಚಿನಲ್ಲಿ ‘ಗೆಲುವು’ ಎಂದು ಮೂಡಿತು. ಪದ್ಮಲತಾ ಎದ್ದು ನಿಂತು ಚಪ್ಪಾಳೆ ತಟ್ಟಿದರು.

“ತಡೀರಿ, ಲೂಪಿನಾಗ ನಿಂತವರನ್ನ ಬಿಡೂಣು,” ಎಂದು ಕೊಣ್ಣೂರ ಬಯಲಿನ ಮೇಲೆ ಬೆರಳಿಟ್ಟರು. ಅರ್ಧದಷ್ಟು ಚುಕ್ಕೆಗಳು ಅಲುಗಲಿಲ್ಲ. ಬಯಲಿಗೆ ಇದ್ದುದು ಒಂದೇ ಹಳ್ಳ. ಮೂರನೆಯ ದಿನ ಕಾಲರಾ ಹಬ್ಬಿತ್ತು.

ಕೊಣ್ಣೂರ ಗಾಜಿನಿಂದ ಬೆರಳು ತೆಗೆದರು. “ಗಾಡಿ ನಿಲ್ಲಿಸಿದ್ರ ನಿಂತಿರತೈತಿ ಮೇಡಂ. ನಾಲ್ಕು ದಿನ ಬಿಟ್ಟು ಬಂದ್ರೂ ಹಂಗ ಇರತೈತಿ. ಮಂದಿ ನೀರು ಕುಡೀತಾರ ಅನ್ನೂದು ನನಗ ಹೊಳೀಲೇ ಇಲ್ಲ ನೋಡ್ರಿ. ಈ ಆಟ ಅಳಿಸಿಬಿಡ್ರಿ.”

ಅಳಿಸಲು ಬರುತ್ತಿರಲಿಲ್ಲ. ಗೆದ್ದ ನಡೆಗಳು ಆ ಕ್ಷಣವೇ ಯಂತ್ರವನ್ನು ಬಳಸುವ ಎಲ್ಲ ದೇಶಗಳ ಕಡತಕ್ಕೆ ಸೇರುತ್ತಿದ್ದವು. ನಿಯಮ ಬರೆದವರು ಪದ್ಮಲತಾ ಅವರೇ. ಒಳ್ಳೆಯ ಉಪಾಯವೊಂದು ಯಾರ ಕಪಾಟಿನಲ್ಲೂ ಕೊಳೆಯಬಾರದು ಎಂಬುದು ಅವರ ಆಸೆಯಾಗಿತ್ತು.

ಆಮೇಲೆ ನಾಲ್ಕು ತಿಂಗಳು ಕೊಣ್ಣೂರ ಬಿಡದೆ ಆಡಿದರು. ಇನ್ನೂರ ಹನ್ನೊಂದನೆಯ ಆಟದಲ್ಲಿ ಲಾರಿಗಳ ನೀರನ್ನು ನಡೆಯುವವರಿಗೆ ಕೊಟ್ಟು ಹೆಚ್ಚುಕಡಿಮೆ ಎಲ್ಲರನ್ನೂ ದಾಟಿಸಿದರು. ಆದರೆ ಫಿರಂಗಿಗಳು ಕೆಸರಿನಲ್ಲಿ ಉಳಿದವು, ಸೈನ್ಯ ಮೂರು ದಿನ ತಡವಾಯಿತು. ಯಂತ್ರ ‘ಸೋಲು’ ಎಂದಿತು. ಸೋತ ನಡೆಗಳು ಯಾವ ಕಡತಕ್ಕೂ ಹೋಗುವುದಿಲ್ಲ.

ಮೂರು ವರ್ಷ ಕಳೆಯಿತು. ದೂರದ ಎರಡು ದೇಶಗಳ ನಡುವೆ ಯುದ್ಧ ಹತ್ತಿಕೊಂಡಿತು. ಒಂದು ಸಂಜೆ ಚಹಾ ಕುಡಿಯುತ್ತ ಸುದ್ದಿ ನೋಡುತ್ತಿದ್ದ ಕೊಣ್ಣೂರ ಕಪ್ಪನ್ನು ಕೆಳಗಿಟ್ಟರು. ಪರದೆಯಲ್ಲಿ ಒಂದು ಬಯಲು, ಗಂಟುಮೂಟೆಗಳ ಮೇಲೆ ಕೂತ ಸಾವಿರಾರು ಜನ, ಪಕ್ಕದಲ್ಲಿ ನುಣುಪಾದ ಖಾಲಿ ರಸ್ತೆ. ನಾಲ್ಕೇ ದಿನ, ಆಮೇಲೆ ಎಲ್ಲರನ್ನೂ ಬಿಡುತ್ತೇವೆ ಎಂದು ಒಬ್ಬ ಅಧಿಕಾರಿ ಸೌಜನ್ಯದಿಂದಲೇ ಹೇಳುತ್ತಿದ್ದ.

ಅವರು ಪದ್ಮಲತಾಗೆ ಫೋನ್ ಮಾಡಿದರು. ಆಕೆಯೂ ಅದನ್ನೇ ನೋಡುತ್ತಿದ್ದರು.

“ಆ ಮಂದೀನ ಬಿಡ್ರಿ ಅಂತ ಮುಂಜಾನಿಯಿಂದ ಆ ಸೇನೆಯವರಿಗೆಲ್ಲಾ ಹೇಳಾಕತ್ತೀನಿ ಕಾಕಾ. ಪರೀಕ್ಷೆ ಮಾಡಿದ ಉಪಾಯ, ಯಂತ್ರ ಒಪ್ಪೇತಿ ಅಂತಾರ.”

“ಯಂತ್ರ ಎಲ್ಲಿ ಒಪ್ಪಿತ್ರೀ? ಹೇಳಿಕೊಟ್ಟಾಂವ ನಾನು.” ಕೊಣ್ಣೂರ ಎದ್ದು ಪರದೆಯ ಹತ್ತಿರ ಹೋದರು. “ಪ್ರತಿಯೊಬ್ಬರ ಹಸಿವು, ನೀರಡಿಕೆ ಲೆಕ್ಕ ಹಾಕಿದ್ರಿ. ಗೆಲುವಿನ ಲೆಕ್ಕದಾಗ ಆ ಮಂದೀನ ಯಾಕ ಹಿಡೀಲಿಲ್ಲ?”

ಪದ್ಮಲತಾ ತಮ್ಮ ಮನೆಯ ಸುದ್ದಿಯ ದನಿ ತಗ್ಗಿಸಿದರು.

“ಬೇಕಂತ ಬಿಟ್ಟಿದ್ದಲ್ಲ ಕಾಕಾ. ನೆನಪೇ ಆಗಲಿಲ್ಲ. ೨೦೨೫ರ ಸುಮಾರಿಗೆ ನಾವು ಹುಡುಗರೆಲ್ಲ ಫೋನಿನಾಗ ಯುದ್ಧದ ಆಟ ಆಡತಿದ್ವಿ. ನಾನಾಡಿದ ಆಟದಾಗ ಮನಿ ಇರತಿದ್ವು, ಮನ್ಯಾಗ ಮಂದಿ ಇರತಿರಲಿಲ್ಲ. ಗೆಲ್ಲೂದು ಅಂದ್ರ ಅಷ್ಟ ಅಂತ ತಿಳಕೊಂಡು ಬೆಳದೆ.”

ಪರದೆಯ ಬಯಲಿನಲ್ಲಿ ಒಬ್ಬ ಹೆಂಗಸು ಖಾಲಿ ಡಬ್ಬಿ ಹಿಡಿದು ಸೈನಿಕನ ಬಳಿ ಹೋಗಿ ಏನೋ ಕೇಳಿದಳು. ಅವನು ಕೆಳಗಿನ ಹಳ್ಳದ ಕಡೆ ಕೈ ತೋರಿಸಿದ. ಜನ ಬಂದು ಕೂತು ಅದು ಎರಡನೆಯ ದಿನ.