ಓದದೆ ಬಿಟ್ಟ ಷರಾ

"ಅಲ್ಲೇ ನಿಲ್ಲಿ! ಕಾಲು ಕೆಳಗಿಡಬೇಡಿ!"

ಸಂಶೋಧನಾ ತೋಟಕ್ಕೆ ಬಂದ ಮೊದಲ ದಿನವೇ ಅವಳು ಒಂಟಿಕಾಲಲ್ಲಿ ನಿಲ್ಲಬೇಕಾಯಿತು. ತೋಟಗಾರ ಓಡಿ ಬಂದು, ಅವಳ ಚಪ್ಪಲಿಯಡಿ ಸಿಗಲಿದ್ದ ಸಹಸ್ರಪದಿಯನ್ನು ಒಣಗಿದ ಎಲೆಯ ಮೇಲೆ ಹತ್ತಿಸಿಕೊಂಡ. ಆಯ ತಪ್ಪಿದ ಅವಳು ಅವನ ಭುಜ ಹಿಡಿದಳು.

"ಈಗ ಇಡಿ ಮೇಡಂ. ಅದಕ್ಕೆ ಸಾವಿರ ಕಾಲು, ಎಡವೋದು ಮಾತ್ರ ನೀವು!"

ಇಬ್ಬರೂ ನಕ್ಕರು. ಎದೆ ಯಾಕೆ ಹೀಗೆ ಹೊಡ್ಕೊಳ್ತಿದೆ... ಎಂದು ಅವಳು ತನ್ನನ್ನೇ ಗದರಿಕೊಂಡಳು.

ಪ್ರಕೃತಿಯಲ್ಲಿ ಯಾವ ಜೀವಿಯ ಕೆಲಸ ಏನು ಎಂಬುದೇ ಅವಳ ಸಂಶೋಧನೆ. ಅದನ್ನು ತಿಳಿಯಲು ಒಂದು ದಾರಿ, ಆ ಜೀವಿಯನ್ನು ತೆಗೆದು ನೋಡುವುದು. ಮರದ ಕೆಳಗೆ ಬಲೆ ಕಟ್ಟಿದ ಎಂಟು ಮಡಿಗಳಿದ್ದವು. ನಾಲ್ಕರಲ್ಲಿ ಸಹಸ್ರಪದಿಗಳನ್ನು ಹಾಗೇ ಬಿಟ್ಟರು. ಉಳಿದ ನಾಲ್ಕರಿಂದ ತೋಟಗಾರ ದಿನಾ ನಸುಕಿನಲ್ಲೇ ಅವುಗಳನ್ನು ಹೆಕ್ಕಿ ಹೊರಹಾಕಿ, ಪುಸ್ತಕದಲ್ಲಿ ಬರೆಯಬೇಕು. ತರಗೆಲೆಯನ್ನು ತಿಂದು ಮಣ್ಣಿಗೆ ಸೇರಿಸುವವು ಅವೇ ಆಗಿದ್ದರೆ, ಅವಿಲ್ಲದ ಕಡೆ ಎಲೆ ಹಾಗೇ ಉಳಿಯಬೇಕಲ್ಲ?

ಅವಳು ಬರುತ್ತಿದ್ದುದು ಹತ್ತು ಗಂಟೆಗೆ. ಕಟ್ಟೆಯ ಮೇಲೆ ಇಬ್ಬರದೂ ಚಹಾ. ಹತ್ತು ನಿಮಿಷದ ಚಹಾ ಬರಬರುತ್ತಾ ಅರ್ಧ ಗಂಟೆಯಾಯಿತು!

"ಏನೇ, ಹುಳ ಬಿಟ್ಟು ತೋಟಗಾರನ ಮೇಲೇ ಸಂಶೋಧನೆನಾ?" ಪ್ರಯೋಗಾಲಯದ ಗೆಳತಿ ಒಂದು ದಿನ ಕೇಳಿಯೇಬಿಟ್ಟಳು. ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಾರನೇ ದಿನವೇ ಮೂರು ತಿಂಗಳ ಫಲಿತಾಂಶ ಬಂತು. ಎಂಟೂ ಮಡಿಗಳಲ್ಲಿ ಎಲೆ ಒಂದೇ ಸಮ ಕರಗಿತ್ತು.

"ಇವರು ಹುಳ ಹೆಕ್ಕೇ ಇಲ್ಲ ಸರ್," ಎಂದಳು, ಪ್ರೊಫೆಸರ ಕೋಣೆಯಲ್ಲಿ, ಎಲ್ಲರ ಎದುರು.

"ದಿನಾ ಹೆಕ್ಕಿದ್ದೀನಿ ಮೇಡಂ. ಪುಸ್ತಕ ನೋಡಿ."

"ಪುಸ್ತಕದಲ್ಲಿ ಸುಳ್ಳು ಯಾರು ಬೇಕಾದ್ರೂ ಬರೀಬಹುದು!"

ಅವನು ಅವಳನ್ನೇ ನೋಡಿದ. ತೋಟದ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಇಲ್ಲಿ ನಮ್ಮ ಹುಡುಗಿಯ ಪರವಾಗಿ ನಾನೂ ಒಂದು ಮಾತು ಆಡಲಾರೆ.

ಹೊಸ ತೋಟಗಾರ ಬಂದ. ತಿಂಗಳ ನಂತರವೂ ಅದೇ ಫಲಿತಾಂಶ! ಇವನೂ ಕಳ್ಳನೇ? ಈ ಸಲ ಅವಳೇ ನಸುಕಿನಲ್ಲಿ ಬಂದು ಮೊಣಕಾಲೂರಿ ತರಗೆಲೆ ಎತ್ತಿದಳು. ಸಹಸ್ರಪದಿ ಒಂದೂ ಇರಲಿಲ್ಲ. ಬದಲಿಗೆ ಕಡಲೆಕಾಳಿನಷ್ಟು ಪುಟ್ಟ ಬಸವನಹುಳುಗಳು, ನೂರಾರು! ಆ ನಾಲ್ಕೇ ಮಡಿಗಳಲ್ಲಿ. ಸಹಸ್ರಪದಿಗಳು ಇಲ್ಲವಾದಾಗ ಅವುಗಳ ಕೆಲಸವನ್ನು ಇವು ವಹಿಸಿಕೊಂಡಿದ್ದವು. ಬಿಸಿಲೇರುತ್ತಲೇ ಮಣ್ಣಿನಡಿ ಸೇರಿಕೊಂಡವು. ಹತ್ತು ಗಂಟೆಗೆ ಬಂದವಳಿಗೆ ಎಲ್ಲಿಂದ ಕಾಣಬೇಕು?

ಹಳೆಯ ಪುಸ್ತಕ ತೆರೆದಳು. ಅಂಕಿಗಳನ್ನಷ್ಟೇ ನಕಲು ಮಾಡಿಕೊಳ್ಳುತ್ತಿದ್ದಳು, ಕೊನೆಯಲ್ಲಿದ್ದ ಷರಾ ಅಂಕಣವನ್ನು ಒಂದು ದಿನವೂ ಓದಿರಲಿಲ್ಲ. ತೋಟಗಾರ ಏನು ಮಹಾ ಬರೆದಾನು ಎಂಬ ಸಸಾರ.

'ಬಸವನಹುಳು ಜಾಸ್ತಿ ಆಗ್ತಿದೆ. ಮೇಡಂಗೆ ತೋರಿಸಬೇಕು.'

'ಇವತ್ತು ಹೇಳೋಣ ಅಂದ್ಕೊಂಡೆ. ಮೇಡಂ ನಗ್ತಾ ಇದ್ರು, ಮರೆತೇ ಹೋಯ್ತು.'

ಅವಳು ಮುಖ ಮುಚ್ಚಿಕೊಂಡು ಬಿಕ್ಕಿದಳು. ಛೀ... ನಾನೆಂಥವಳು!

ಹಳೆಯ ತೋಟಗಾರ ಊರಾಚೆಯ ನರ್ಸರಿಯಲ್ಲಿ ಸಿಕ್ಕ. ಜೊತೆಗಾರರ ನಡುವೆ ಕೂತು ಸಸಿ ನೆಡುತ್ತಿದ್ದ.

"ಸ್ವಲ್ಪ ಆ ಕಡೆ ಬರ್ತೀರಾ? ಕ್ಷಮೆ ಕೇಳ್ಬೇಕು..."

"ಬೈದಿದ್ದು ಎಲ್ಲರ ಮುಂದೆ. ಕ್ಷಮೆ ಮಾತ್ರ ಗುಟ್ಟಾಗಾ?"

"ಎಲ್ಲರ ಮುಂದೆ ಕೇಳಿಯೇ ಬಂದಿದ್ದೀನಿ. ಬೆಳಿಗ್ಗೆ ಪ್ರೊಫೆಸರ ಕೋಣೆಯಲ್ಲಿ ನಿಮ್ಮ ಷರಾ ಪೂರ್ತಿ ಓದಿದೆ. ತಪ್ಪು ನನ್ನದು, ಕಂಡುಹಿಡಿದಿದ್ದು ನೀವು ಅಂದೆ."

ಅವನ ಕೈ ನಿಂತಿತು. "ಮತ್ತೆ ಇಲ್ಲಿಗ್ಯಾಕೆ?"

"ಅಲ್ಲಿ ಹೇಳದೇ ಇದ್ದಿದ್ದು ಒಂದಿದೆ. ನಾನು ಬೈದ ಹಿಂದಿನ ದಿನ ನಿಮ್ಮ ಹೆಸರು ಹಿಡಿದು ನನ್ನನ್ನ ಛೇಡಿಸಿದ್ರು. ನೀವು ನನಗೆ ಏನೂ ಅಲ್ಲ ಅಂತ ತೋರಿಸ್ಕೊಳ್ಳೋಕೆ ಅಷ್ಟು ಕಟುವಾಗಿ ಮಾತಾಡ್ದೆ."

ನರ್ಸರಿಯವರೆಲ್ಲ ಕೆಲಸ ಬಿಟ್ಟು ಇತ್ತ ತಿರುಗಿದರು.

"ಓಹೋ... ತೋಟಗಾರ ಅಂತ ನಾಚಿಕೆ ಆಯ್ತಾ?"

"ಆಯ್ತು. ಈಗ್ಲೂ ನಾಚಿಕೆ ಆಗ್ತಿದೆ. ನನ್ನ ಬಗ್ಗೆ."

ನರ್ಸರಿ ಯಜಮಾನಿ ಗದರಿದಳು, "ಲೋ, ಮಣ್ಣು ಆಮೇಲೆ ಕಲಸ್ಕೋ! ಮೊದ್ಲು ಆ ಹುಡುಗಿಗೆ ಉತ್ತರ ಕೊಡೋ!"

ಅವನು ಎದ್ದು ಕೈ ಒರೆಸಿಕೊಂಡ. "ಹೊಸಬರು ಹೇಗೆ ಕೆಲಸ ಮಾಡ್ತಾರೆ?"

"ಚೆನ್ನಾಗೇ ಮಾಡ್ತಾರೆ. ನಿಮಗಿಂತ ಚುರುಕು."

"ಹಾಗಾದ್ರೆ ನಾನು ಬೇಕಿಲ್ಲ ಅನ್ನಿ."

"ತೋಟಕ್ಕೆ ಬೇಕಿಲ್ಲ," ಎಂದಳು, ಕಣ್ಣೀರು ತಡೆಯಲಾಗದೆ. "ನನಗೆ ಬೇಕು!"

ಅವನು ಬಾಗಿ ಒಂದು ಸಸಿಯ ಬುಡಕ್ಕೆ ಮಣ್ಣು ಒತ್ತಿದ.

"ಸಿಟ್ಟು ಇನ್ನೂ ಇಳಿದಿಲ್ಲ ಮೇಡಂ."

"ಇರಲಿ. ನಾಳೆನೂ ಬರ್ತೀನಿ."

"ನಾಳೆ ನರ್ಸರಿಗೆ ರಜೆ. ಮನೆಗೆ ಬನ್ನಿ. 'ನಿನ್ನನ್ನ ಸುಳ್ಳುಗಾರ ಅಂದೋರು ಯಾರು' ಅಂತ ಅಮ್ಮ ದಿನಾ ಕೇಳ್ತಾಳೆ..."

ಅವಳು ತಲೆ ಎತ್ತಿದಳು. "ನಾನೇ ಅಂತ ಹೇಳ್ತೀನಿ."

"ಅಮ್ಮ ಬೈತಾಳೆ."

"ಬೈಸ್ಕೋತೀನಿ. ಆಮೇಲೆ 'ನಿಮ್ಮ ಮಗನ್ನ ಪ್ರೀತಿಸ್ತೀನಿ' ಅಂತಾನೂ ಹೇಳ್ತೀನಿ."

"ಅದನ್ನ ಮೊದ್ಲು ಹೇಳಿ," ಎಂದ ಅವನು ಮೆಲ್ಲಗೆ. "ಬೈಗುಳ ಸ್ವಲ್ಪ ಕಮ್ಮಿ ಆಗುತ್ತೆ."