ಮಾರಿಕಣಿವೆಯ ಗುಳ್ಳೆಗಳು

ಎತ್ತಪ್ಪನ ಹೆಣವನ್ನು ಮಾರಿಕಣಿವೆಯ ನೀರಿನಿಂದ ಎತ್ತಿದಾಗ ಮುಖದಲ್ಲಿ ಗಾಬರಿಯ ಗುರುತೇ ಇರಲಿಲ್ಲ. ನಿದ್ದೆ ಹೋದವನಂತಿದ್ದ. ಉಸಿರಿನ ಕೊಳವೆ ಇನ್ನೂ ಬಾಯಲ್ಲೇ ಇತ್ತು.

1976ರ ಬೇಸಿಗೆ. ಅಣೆಕಟ್ಟೆಯ ಗೋಡೆ ಪರೀಕ್ಷಿಸಲು ಕಂಟ್ರಾಕ್ಟರೊಬ್ಬರು ನೀರಿನಲ್ಲಿ ಮುಳುಗಿ ಕೆಲಸ ಮಾಡುವ ಮೂವರು ಡೈವರುಗಳನ್ನು ಕರೆತಂದಿದ್ದರು. ಅವರಿಗೆ ನೀರೊಳಗೆ ಉಸಿರಾಡಲು ನೆರವಾಗುವ ರೀಬ್ರೀದರ್ ಎಂಬ ಹೊಸ ಯಂತ್ರ ಕಲಿಸುತ್ತಿದ್ದವರು ನೌಕಾಪಡೆಯಿಂದ ನಿವೃತ್ತರಾದ ಪರಮೇಶ್ವರಪ್ಪ. ಮೊದಲು ಇಳಿಯಲು ಅವರು ಆರಿಸಿದ್ದು ಜವನಗೊಂಡನಹಳ್ಳಿಯ ಎತ್ತಪ್ಪನನ್ನು.

ಹಿರಿಯೂರಿನ ಸಬ್ ಇನ್ಸ್‌ಪೆಕ್ಟರ್ ಓಬಳೇಶಪ್ಪ ಯಂತ್ರವನ್ನು ತಿರುಗಿಸಿ ನೋಡಿದರು. ಆಮ್ಲಜನಕದ ಸಿಲಿಂಡರಿನ ತಿರುಪು ಬಿಗಿಯಾಗಿ ಮುಚ್ಚಿತ್ತು.

"ಇದನ್ನ ತೆರೆಯೋದು ಯಾರ ಕೆಲಸ?"

"ನಂದೇ ಸಾರ್. ತೆರೆದೇ ಕಳಿಸಿದ್ದೆ," ಎಂದರು ಪರಮೇಶ್ವರಪ್ಪ.

"ನಾನೂ ನೋಡಿದೀನಿ ಸಾರ್. ಇಬ್ರೂ ದಡದಾಗೇ ಇದ್ವಿ," ಎಂದ ಇನ್ನೊಬ್ಬ ಡೈವರ್ ಕಾಟಯ್ಯ.

ಮೂರನೆಯವನು ಹೊಳಲ್ಕೆರೆಯ ಜಂಪಣ್ಣ, ಮೂವರಲ್ಲಿ ಹಿರಿಯ. ಎತ್ತಪ್ಪನಿಗೆ ಮುಳುಗುವುದನ್ನು ಕಲಿಸಿದವನೇ ಅವನು. ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ನಾನು ಜ್ವರ ಬಂದು ಡೇರೆಯಾಗೆ ಮಲಗಿದ್ದೆ ಸಾರ್. ಹೊಸ ಮಿಷನ್ನು ಬ್ಯಾಡ ಅಂತ ಬಡ್ಕಂಡೆ. ಇವರ ಮ್ಯಾಲೆ ಕೇಸು ಹಾಕ್ರಿ!"

ಓಬಳೇಶಪ್ಪನವರಿಗೂ ಅದೇ ಸರಿ ಎನಿಸಿತು. ಪರಮೇಶ್ವರಪ್ಪನವರನ್ನು ಜೀಪು ಹತ್ತಲು ಹೇಳಿದರು. ಮುಪ್ಪಿನಲ್ಲಿ ಆ ಮನುಷ್ಯನಿಗೆ ಜೈಲು ಕಾದಿತ್ತು.

* * *

ಅಷ್ಟರಲ್ಲಿ ಕುರಿಗಳಿಗೆ ನೀರು ಕುಡಿಸಲು ಬಂದಿದ್ದ ದೊಡ್ಡಕ್ಕ ಜೀಪಿಗೆ ಅಡ್ಡ ನಿಂತಳು.

"ಸಾಹೇಬ್ರೆ, ಆ ಹುಡುಗ ಇಳಿದ ಮ್ಯಾಲೆ ನೀರಾಗೆ ಗುಳ್ಳೆ ಕಂಡ್ವು. ಆ ಜಾಲಿ ಗಿಡದ ಕಡೆಯಿಂದ ಸಾಲಾಗಿ ಬಂದ್ವು. ಅವನು ಮುಳುಗಿದ ಬಂಡೆ ಹತ್ರ ಒಂದೀಟು ನಿಂತು, ಮತ್ತೆ ಜಾಲಿ ಕಡೆಗೇ ಹೋದ್ವು."

"ಎತ್ತಪ್ಪ ಅಡ್ಡಾಡಿರ್ತಾನೆ, ಬಿಡಮ್ಮ."

ಜೀಪಿನೊಳಗಿಂದ ಪರಮೇಶ್ವರಪ್ಪ ಧಡಕ್ಕನೆ ಎದ್ದರು. "ಗುಳ್ಳೇನಾ? ಈ ಯಂತ್ರದಾಗೆ ಗುಳ್ಳೆ ಬರಲ್ಲ ಸಾರ್!"

ಇನ್ನೊಂದು ಯಂತ್ರ ತೊಟ್ಟು ಅವರೇ ನೀರಿನಲ್ಲಿ ಮುಳುಗಿ ಕುಳಿತರು. ಓಬಳೇಶಪ್ಪ ಕಣ್ಣು ಮಿಟುಕಿಸದೆ ನೋಡಿದರು. ಒಂದೇ ಒಂದು ಗುಳ್ಳೆಯೂ ಏಳಲಿಲ್ಲ.

"ಬಿಟ್ಟ ಉಸಿರು ಹೊರಕ್ಕೆ ಹೋಗಲ್ಲ, ಚೀಲಕ್ಕೇ ವಾಪಸ್ ಬರುತ್ತೆ," ಮೇಲೆ ಬಂದು ವಿವರಿಸಿದರು. "ಒಳಗಿರೋ ಸುಣ್ಣದ ಹರಳು ಕೆಟ್ಟ ಗಾಳಿ ಹೀರುತ್ತೆ. ಸಿಲಿಂಡರು ಆಮ್ಲಜನಕ ತುಂಬುತ್ತೆ. ಗುಳ್ಳೆ ಏಳೋದು ಇವರು ಮೊದಲಿಂದ ತೊಡೋ ಹಳೇ ಗಾಳಿ ಸೆಟ್ಟಿನಾಗೆ ಮಾತ್ರ."

ಅಂದರೆ ಹಳೇ ಸೆಟ್ಟು ತೊಟ್ಟ ಇನ್ನೊಬ್ಬ ನೀರೊಳಗಿದ್ದ. ಪರಮೇಶ್ವರಪ್ಪ, ಕಾಟಯ್ಯ ಇಬ್ಬರೂ ದಡದಲ್ಲೇ ಇದ್ದರು. ಉಳಿದವನು ಒಬ್ಬನೇ.

* * *

ಜಂಪಣ್ಣನ ಪೆಟ್ಟಿಗೆ ತೆರೆದಾಗ ರಬ್ಬರ್ ಉಡುಪಿನಿಂದ ನೀರು ಸೋರಿತು.

"ಜ್ವರ ಬಂದೋನ ಉಡುಪು ಒದ್ದೆ ಯಾಕಪ್ಪ?"

"ತೊಳೆದಿಟ್ಟಿದ್ದೆ ಸಾರ್."

"ತೊಳೆದದ್ದನ್ನ ಬಿಸಿಲಿಗೆ ಹಾಕ್ತಾರೆ. ಪೆಟ್ಟಿಗೆಯಾಗೆ ಬಚ್ಚಿಡ್ತಾರೇನು?"

ಜಂಪಣ್ಣ ಕುಸಿದು ಕುಳಿತ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅನ್ನುತ್ತಾರೆ. ಅವನ ಕಿಚ್ಚಂತೂ ನೀರಿನೊಳಗೂ ಆರಿರಲಿಲ್ಲ.

"ಕೈ ಹಿಡಿದು ಕಲಿಸಿದೋನು ನಾನು. ಎಲ್ರ ಬಾಯಾಗೂ ಎತ್ತಪ್ಪ, ಎತ್ತಪ್ಪ! ಗುರುವಿಗೇ ತಿರುಮಂತ್ರ. ಕೆಸರು ಕಲಕಿ, ಹಿಂದಿನಿಂದ ಹೋಗಿ ತಿರುಪು ಮುಚ್ಚಿದೆ. ಆದ್ರೆ ಕೊಲ್ಲಾಕಲ್ಲ ಸಾರ್! ನಮ್ಮ ಸೆಟ್ಟಿನಾಗೆ ಗಾಳಿ ನಿಂತ್ರೆ ತಟ್ಟಂತ ಗೊತ್ತಾಗತೈತೆ. ಗಾಬರಿಬಿದ್ದು ಮ್ಯಾಲೆ ಬರ್ತಾನೆ, ಎಲ್ರೂ ನಗ್ತಾರೆ ಅನ್ಕಂಡೆ..."

"ಇದರಾಗೆ ಗೊತ್ತಾಗಲ್ಲ ಕಣೋ," ಎಂದರು ಪರಮೇಶ್ವರಪ್ಪ. "ಆಮ್ಲಜನಕ ಮುಗಿದ್ರೂ ಚೀಲದಾಗಿನ ಗಾಳಿ ಬಾಯಿಗೆ ಬರ್ತಾನೇ ಇರುತ್ತೆ. ಉಸಿರು ಕಟ್ಟಿದ ಹಾಗೇ ಆಗಲ್ಲ. ಮಂಪರು ಬಂದು ಹೋಗಿಬಿಡ್ತಾರೆ. ಮೊದಲ ಪಾಠದಾಗೆ ಹೇಳಿದ್ದೇ ಅದು. ಶಿಷ್ಯನ ಪಕ್ಕ ಕುಂತ್ಕಳಲ್ಲ ಅಂತ ನೀನು ಎದ್ದು ಹೋದೆ."

ಓಬಳೇಶಪ್ಪ ಬೇಡಿ ತೊಡಿಸಿದರು. ಈ ಸಲ ಜೀಪು ಹತ್ತಿದವನು ಜಂಪಣ್ಣ.

ಕಾಟಯ್ಯ ಜೀಪಿನ ಬಳಿ ಬಂದ. ಅವನ ಕಣ್ಣು ಕೆಂಪಾಗಿತ್ತು.

"ಬೆಳಿಗ್ಗೆ ಎತ್ತಪ್ಪ ನಿನ್ನ ಡೇರೆಗೆ ಯಾಕೆ ಬಂದಿದ್ದ ಗೊತ್ತೇನಣ್ಣ? ಮೊದಲು ನಮ್ಮಣ್ಣ ಇಳೀಲಿ ಅಂತ ಪರಮೇಶ್ವರಪ್ಪ ಮೇಷ್ಟ್ರನ್ನ ಕಾಡಿ ಬೇಡಿ ಒಪ್ಪಿಸಿದ್ದ. ನಿನ್ನ ಕರೆಯಾಕೇ ಬಂದಿದ್ದ. ನೀನು ಜ್ವರ ಅಂತ ಮಕ ಆ ಕಡೆ ತಿರುಗಿಸಿದೆ."